ಬಾಸ್ ಪಾಠ, ಬಳ್ಳಾರಿ ಬಿಸಿಲು

ಸಿರುಗುಪ್ಪದ ಹೊಳೆದಂಡೆಯಲ್ಲಿ, ಕುರುಗೋಡು ಕಡೆಯ ಕಾಲುವೆ ಏರಿಗಳ ಮೇಲೆ ಗಾಳ ಹಾಕುವವರ ಕೈಗೆ ಬಿದಿರು ಕೋಲು, ಬೆಂಡು, ಎರೆಹುಳುವಿನ ಜೊತೆಗೆ ಈಗ ರೀಲು, ನೇಯ್ದ ದಾರ, ರಬ್ಬರ್ ಕಪ್ಪೆಗಳೂ ಬಂದಿವೆ. ಸಾಮಾನಿನ ಬೆನ್ನಿಗೆ ಪಾಠವೂ ಬಂತು. ಮೊಬೈಲಿನ ವಿಡಿಯೊಗಳಲ್ಲಿ ಸಿಗುವ ಈ ಪಾಠ ಬಹುಪಾಲು ಅಮೆರಿಕದ ಲಾರ್ಜ್‌ಮೌತ್ ಬಾಸ್ ಎಂಬ ಬೇಟೆಮೀನನ್ನು ಹಿಡಿಯುವವರು ಕಟ್ಟಿದ್ದು. ಬೇಸಿಗೆಗೆ ಅವರು ಹೇಳುವುದು ಇಷ್ಟು: ನಸುಕಿಗೆ ಇಲ್ಲವೆ ಮುಸ್ಸಂಜೆಗೆ ಹೋಗಿ; ಬಿಸಿಲೇರಿದರೆ ಆಳದಲ್ಲಿ ಹುಡುಕಿ; ನೆರಳನ್ನೂ ಹರಿಯುವ ನೀರನ್ನೂ ಬಿಡಬೇಡಿ; ಆಮಿಷವನ್ನು ನಿಧಾನವಾಗಿ ಎಳೆಯಿರಿ; ಹಿಡಿದ ಮೀನನ್ನು ತಡಮಾಡದೆ ನೀರಿಗೆ ಬಿಡಿ. 40 ಡಿಗ್ರಿ ದಾಟುವ ಬಳ್ಳಾರಿಯ ಏಪ್ರಿಲ್, ಮೇ ತಿಂಗಳಿಗೆ ಇದಕ್ಕಿಂತ ಒಪ್ಪುವ ಮಾತು ಬೇರೇನಿದೆ ಅನ್ನಿಸುವುದು ಸಹಜ. ಆದರೆ ಒಂದೊಂದನ್ನೇ ಇಲ್ಲಿಯ ನೀರಿಗೆ ಇಳಿಸಿ ನೋಡಿದರೆ ಅರ್ಧ ಪಾಠ ಉಳಿಯುತ್ತದೆ, ಇನ್ನರ್ಧ ತಲೆಕೆಳಗಾಗುತ್ತದೆ. ಏಕೆಂದರೆ ಬಾಸ್ ಪಾಠ ತಂಪನ್ನು ಹುಡುಕಿಕೊಂಡು ಹೋಗುತ್ತದೆ. ಬಳ್ಳಾರಿಯ ಬೇಸಿಗೆಯಲ್ಲಿ ಮೀನಿನ ಪಾಡನ್ನು ತೀರ್ಮಾನಿಸುವುದು ಅದರ ಉಸಿರು.

ಪಾಠವನ್ನು ಅದರ ತವರಿನಲ್ಲಿಟ್ಟು ನೋಡಿದರೆ ಹಳಿಯುವಂಥದ್ದೇನೂ ಇಲ್ಲ. ಬಾಸ್ ಕಿವಿರಿನಿಂದ ಉಸಿರಾಡುವ ಮೀನು. ನೀರು 27 ಡಿಗ್ರಿ ಆಸುಪಾಸಿನಲ್ಲಿದ್ದರೆ ಚೆನ್ನಾಗಿ ತಿಂದು ಬೆಳೆಯುತ್ತದೆ, ಅದಕ್ಕಿಂತ ತೀರಾ ಏರಿದರೆ ಮಂಕಾಗುತ್ತದೆ. ಅಲ್ಲಿಯ ಆಳವಾದ ಸರೋವರಗಳಲ್ಲಿ ಬೇಸಿಗೆಯ ನೀರು ಪದರಪದರವಾಗಿ ನಿಲ್ಲುತ್ತದೆ: ಮೇಲೆ ಬೆಚ್ಚನೆಯ ಹಗುರ ನೀರು, ಕೆಳಗೆ ತಣ್ಣನೆಯ ಭಾರದ ನೀರು, ನಡುವೆ ಉಷ್ಣತೆ ಥಟ್ಟನೆ ಇಳಿಯುವ ಒಂದು ಪಟ್ಟಿ. ತಳದ ನೀರಿಗೆ ಗಾಳಿ ಸೋಕದೆ ಆಮ್ಲಜನಕ ತೀರುತ್ತಾ ಬರುವುದರಿಂದ ಮೀನು ಆ ಪಟ್ಟಿಯ ಮೇಲುಗಡೆ ನಿಲ್ಲುತ್ತದೆ. ದೋಣಿಗೆ ಸೋನಾರ್ ಕಟ್ಟಿಕೊಂಡು ಅವರು ಹುಡುಕುವುದು ಆ ಮಟ್ಟವನ್ನೇ. ಮೀನನ್ನು ಮರಳಿ ಬಿಡುವ ರೂಢಿಗೂ ಹಿನ್ನೆಲೆಯುಂಟು. ಬಾಸ್ ಗಾಳಗಾರರ ಸಂಘ ಕಟ್ಟಿದ ರೇ ಸ್ಕಾಟ್, ಪಂದ್ಯದಲ್ಲಿ ಹಿಡಿದ ಮೀನನ್ನು ಕೊಲ್ಲಬೇಡಿ ಎಂಬ ಚಳವಳಿಯನ್ನು 1972ರಲ್ಲಿ ಶುರುಮಾಡಿದರು. ದೋಣಿಯೊಳಗೆ ಗಾಳಿಯಾಡಿಸುವ ತೊಟ್ಟಿಯಿಟ್ಟು ಮೀನನ್ನು ಜೀವಂತ ತರುವ ವ್ಯವಸ್ಥೆ ಅದರೊಂದಿಗೆ ಬೆಳೆಯಿತು. ಹೀಗೆ ಒಂದು ಮೀನು, ಒಂದು ಬಗೆಯ ನೀರು, ಒಂದು ಬಗೆಯ ದೋಣಿ ಕೂಡಿ ಹುಟ್ಟಿದ ತಂತ್ರ ಇದು. ನಮ್ಮ ದಂಡೆಗೆ ಬಂದದ್ದು ತಂತ್ರ ಮಾತ್ರ.

ಮೊದಲು ಬೀಳುವುದು ಆಳದ ಮಾತು. ನಮ್ಮ ಕಡೆಯ ಕೆರೆಗಳು ಹರವಿನಲ್ಲಿ ದೊಡ್ಡವು, ಆಳದಲ್ಲಿ ಅಲ್ಲ. ಗಾಳಿ ಬೀಸಿದರೆ ತಳದ ಕೆಸರಿನವರೆಗೂ ಕದಡುತ್ತವೆ. ಹಗರಿ ಹೊಳೆ ಬೇಸಿಗೆಯಲ್ಲಿ ಬರೀ ಮರಳಿನ ಹಾಸು. ಅದು ಹೋಗಿ ಸೇರುವ ತುಂಗಭದ್ರೆಯೂ ಸಿರುಗುಪ್ಪದ ಬಳಿ ಬಂಡೆ, ಮರಳುಗಳ ನಡುವೆ ಮಡುಗಳಾಗಿ ಒಡೆದಿರುತ್ತದೆ. ಬಳ್ಳಾರಿ ನಗರಕ್ಕೆ ಕುಡಿಯುವ ನೀರು ಕೊಡುವ ಅಲ್ಲೀಪುರ, ಮೋಕಾ ಕೆರೆಗಳಲ್ಲಿ ನೀರಿದ್ದೀತು, ಅವು ಗಾಳದ ಆಟಕ್ಕೆ ಇರುವ ಕೆರೆಗಳಲ್ಲ. ಹೊಸಪೇಟೆಯ ಜಲಾಶಯ ಇಲ್ಲವೇ, ಅಲ್ಲಿ ಆಳ ಇಲ್ಲವೇ ಎಂದು ಕೇಳಬಹುದು. ಇದೆ, ಆದರೆ ನೀರಾವರಿಗೆಂದು ಕಟ್ಟಿದ ಜಲಾಶಯ ಬೇಸಿಗೆಯ ಹೊತ್ತಿಗೆ ಬಸಿದುಹೋಗಿರುತ್ತದೆ. ಮೊದಲಿಗೆ 133 ಟಿಎಂಸಿ ಹಿಡಿಯುತ್ತಿದ್ದದ್ದು ಹೂಳು ತುಂಬಿ ಈಗ 105ಕ್ಕೆ ಇಳಿದಿದೆ. ಮುಂಗಾರಿಗೆ ಮುಂಚೆ ಉಳಿಯುವುದು ಅದರ ಸಣ್ಣ ಪಾಲು. ದಂಡೆಯ ಮೇಲೆ ನಿಂತು ಗಾಳ ಎಸೆಯುವವನಿಗೆ ಆ ಉಳಿದ ಆಳವೂ ಎಟಕುವುದಿಲ್ಲ. ಬಿಸಿಲೇರಿದಾಗ ಆಳಕ್ಕೆ ಇಳಿಯಿರಿ ಎಂಬ ಸಲಹೆ ಇಲ್ಲಿ ಕೊನೆಗೆ, ನಡುಮಧ್ಯಾಹ್ನ ಬಂಡೆಯ ಮೇಲೆ ನಿಂತು ತಲೆ ಕಾಯಿಸಿಕೊಳ್ಳಿ ಎಂದಷ್ಟೇ ಆಗುತ್ತದೆ.

ನಸುಕಿನ ಮಾತು ಇಷ್ಟು ಸುಲಭಕ್ಕೆ ಬೀಳುವುದಿಲ್ಲ. ಹಾಗಾಗಿ ಅದನ್ನು ಹತ್ತಿರದಿಂದ ನೋಡಬೇಕು. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆ. 20 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಹಿಡಿಯಬಲ್ಲ ನೀರು 30 ಡಿಗ್ರಿಗೆ ಏಳೂವರೆಗೆ, 35ಕ್ಕೆ 7ರ ಹತ್ತಿರಕ್ಕೆ ಇಳಿಯುತ್ತದೆ. ಅದೇ ಹೊತ್ತಿಗೆ ಮೀನಿನ ಮೈ ಕೇಳುವ ಆಮ್ಲಜನಕ ಹೆಚ್ಚಾಗಿರುತ್ತದೆ. ಹಾಗಿದ್ದರೆ ತಂಪಾದ ನಸುಕೇ ಒಳ್ಳೆಯದಲ್ಲವೇ? ತಿಳಿನೀರಿನ ಸರೋವರಕ್ಕೆ ಹೌದು. ಪಾಚಿ ಬೆಳೆದು ಹಸಿರುಗಟ್ಟಿದ ಕೆರೆಯ ಲೆಕ್ಕ ಬೇರೆ. ಹಗಲಲ್ಲಿ ಬಿಸಿಲುಂಡು ಆಮ್ಲಜನಕ ಬಿಡುವ ಪಾಚಿ ರಾತ್ರಿಯಿಡೀ ಅದನ್ನು ತಾನೇ ಸೇದುತ್ತದೆ. ತಳದ ಕೊಳೆತವೂ ಸೇದುತ್ತದೆ. ಹೊತ್ತು ಮೂಡುವ ಮುಂಚಿನ ಗಳಿಗೆ ನೀರು ತಂಪಾಗಿರುವ ಗಳಿಗೆ ನಿಜ, ಆದರೆ ಉಸಿರು ತೀರಾ ಕಡಿಮೆಯಿರುವ ಗಳಿಗೆಯೂ ಅದೇ. ಕಾಟ್ಲಾ, ರೋಹು ಮುಂತಾದ ಗೆಂಡೆ ಮೀನು ಸಾಕಿದವರು ಇದನ್ನು ಚೆನ್ನಾಗಿ ಬಲ್ಲರು. ಮೀನು ಮೇಲೆ ಬಂದು ಬಾಯಿ ತೆರೆತೆರೆದು ತೇಲುವುದು ಆ ಹೊತ್ತಿನಲ್ಲೇ. ದಂಡೆಯಲ್ಲಿ ನಿಂತ ಹೊಸ ಗಾಳಗಾರನಿಗೆ ಅದು ಮೀನು ಆಟವಾಡುತ್ತಿರುವಂತೆ, ಬೇಟೆಗೆ ಎದ್ದಿರುವಂತೆ ಕಾಣುತ್ತದೆ. ಬಾಸ್ ಪಾಠದಲ್ಲಿ ಮೇಲ್ಮೈ ಕಲಕಿತೆಂದರೆ ಮೇಲ್ಮೈ ಆಮಿಷ ಎಸೆ ಎಂದೇ ಇದೆ.

ಅದೇ ಕೆರೆಯ ಕೊರಮೀನಿಗೆ ಈ ಗಳಿಗೆ ಸುಗ್ಗಿ. ಕೊರವ ಎಂದೂ ಕರೆಯುವ ಈ ಮೀನಿನ ತಲೆಯೊಳಗೆ, ಕಿವಿರಿನ ಮೇಲುಗಡೆ, ಗಾಳಿ ಹಿಡಿಯುವ ಗೂಡುಗಳಿವೆ. ಬಲಿತ ಕೊರಮೀನು ಆಗಾಗ ಮೇಲೆ ಬಂದು ಗಾಳಿ ಗುಟುಕಿಸಲೇಬೇಕು. ಬರಗೊಡದಿದ್ದರೆ ನೀರಿನಲ್ಲೇ ಉಸಿರುಗಟ್ಟಿ ಸಾಯುತ್ತದೆ. ನೀರಿನಲ್ಲಿ ಆಮ್ಲಜನಕ ಎಷ್ಟಿದೆ ಎಂಬ ಗೊಡವೆ ಅದಕ್ಕೆ ಅಷ್ಟಾಗಿ ಇಲ್ಲ. ಮಾರುಕಟ್ಟೆಯಲ್ಲಿ ನಾಲ್ಕು ಬೆರಳು ನೀರಿನ ಬುಟ್ಟಿಯಲ್ಲಿ ಜೀವಂತ ಮಾರುವುದೂ, ಕೆರೆ ಬತ್ತಿದಾಗ ಅದು ಕೆಸರಿನಡಿ ಹುದುಗಿ ಮಳೆಗೆ ಕಾಯುವುದೂ ಇದರಿಂದಲೇ. ಉಳಿದ ಮೀನು ಏದುಸಿರು ಬಿಡುತ್ತಾ ಮೇಲೆ ತೇಲುವಾಗ ಜೊಂಡಿನ ಅಂಚಿನಲ್ಲಿ ಬೇಟೆಗೆ ಕೂತಿರುವುದು ಇದು. ಆದ್ದರಿಂದ ನಸುಕಿಗೆ ಜೊಂಡಿನ ಪಕ್ಕ ರಬ್ಬರ್ ಕಪ್ಪೆ ಎಳೆಯುವ ತಂತ್ರ ಬಳ್ಳಾರಿಯಲ್ಲಿ ನಿಜಕ್ಕೂ ಫಲಿಸುತ್ತದೆ. ಸಿರುಗುಪ್ಪದ ಭತ್ತದ ಸೀಮೆಯಲ್ಲಿ ಕಪ್ಪೆಯೇ ಅದರ ಊಟ ಎಂಬುದೂ ಸೇರಿತು. ಆದರೆ ಫಲಿಸುವುದು ಬಾಸ್‌ಗೆ ಫಲಿಸುವ ಕಾರಣಕ್ಕಲ್ಲ. ಕಾರಣ ತಿಳಿಯದವನು ಅದೇ ನಸುಕಿನಲ್ಲಿ ಅದೇ ಕೆರೆಯ ಕಾಟ್ಲಾಕ್ಕೂ ಗಾಳ ಹಾಕುತ್ತಾನೆ, ಏದುಸಿರಿನ ಮೀನನ್ನು ದಾರದಲ್ಲಿ ಇನ್ನಷ್ಟು ಓಡಾಡಿಸಿ ದಣಿಸುತ್ತಾನೆ, ಫೋಟೊ ತೆಗೆದು ಬಿಡುತ್ತಾನೆ. ಬಿಟ್ಟ ಮೀನು ಈಜಿಕೊಂಡು ಹೋದದ್ದು ಕಾಣುತ್ತದೆ. ಬದುಕಿತೋ ಇಲ್ಲವೋ ಕಾಣುವುದಿಲ್ಲ.

ಹರಿಯುವ ನೀರು ಹುಡುಕಿ ಎಂಬ ಸಲಹೆಗೆ ಮಾತ್ರ ನನ್ನ ತಕರಾರಿಲ್ಲ. ತುಂಗಭದ್ರೆಯ ಎಚ್‌ಎಲ್‌ಸಿ, ಎಲ್‌ಎಲ್‌ಸಿ ಎಂಬ ಮೇಲ್ಮಟ್ಟದ, ಕೆಳಮಟ್ಟದ ಕಾಲುವೆಗಳಲ್ಲಿ ನೀರು ಧುಮುಕುವ ಕಡೆ, ತೂಬಿನ ಬಾಯಲ್ಲಿ, ನೀರಿಗೆ ಗಾಳಿ ಬೆರೆಯುತ್ತದೆ. ಸಣ್ಣ ಮೀನು ಅಲ್ಲಿ ಕೂಡುತ್ತವೆ, ಅವುಗಳ ಹಿಂದೆ ದೊಡ್ಡವು. ತೊಡಕಿರುವುದು ನೀರು ನಿಲ್ಲಿಸಿದ ಮೇಲೆ. ಕಾಲುವೆ ಬಂದ್ ಆದಾಗ ಧುಮುಕಿನ ಕೆಳಗಿನ ಗುಂಡಿಗಳಲ್ಲಿ, ಹೊಳೆಯ ಮಡುಗಳಲ್ಲಿ ಮೀನು ಸಿಕ್ಕಿಬೀಳುತ್ತದೆ. ಅಲ್ಲಿ ಏನು ಎಸೆದರೂ ಕಚ್ಚುತ್ತದೆ, ತಂತ್ರ ಗೆದ್ದಿತು ಎಂಬ ಭ್ರಮೆಯೂ ಹುಟ್ಟುತ್ತದೆ. ಗೆದ್ದದ್ದು ಬರ. ಇಂಥ ಒತ್ತಿದ ನೀರಿನಲ್ಲಿ ಮನುಷ್ಯ ಏನೇನು ಮಾಡಿಯಾನು ಎಂಬ ಅಂದಾಜು ಬ್ರಿಟಿಷ್ ಸರ್ಕಾರಕ್ಕೂ ಇತ್ತು: 1897ರ ಮೀನುಗಾರಿಕೆ ಕಾಯ್ದೆ ನೀರಿನಲ್ಲಿ ಸಿಡಿಮದ್ದು ಹಾಕುವುದನ್ನೂ ವಿಷ ಬೆರೆಸುವುದನ್ನೂ ಅಪರಾಧ ಎಂದಿತು. ಗಾಳವನ್ನು ಮದ್ದಿನ ಪಕ್ಕಕ್ಕೆ ನಿಲ್ಲಿಸುವುದು ಅನ್ಯಾಯವೇ ಸರಿ. ಆದರೂ ಆ ಮಡುಗಳು ಗಾಳಗಾರನೊಬ್ಬನ ಪಾಲಲ್ಲ. ಸಿರುಗುಪ್ಪಕ್ಕಿಂತ ಮೇಲೆ, ಮುದ್ಲಾಪುರದಿಂದ ಕಂಪ್ಲಿಯವರೆಗಿನ 34 ಕಿಲೊಮೀಟರ್ ಹೊಳೆಯನ್ನು 2015ರಲ್ಲಿ ನೀರುನಾಯಿ ಸಂರಕ್ಷಿತ ಪ್ರದೇಶ ಎಂದು ಸಾರಲಾಗಿದೆ; ಬೇಸಿಗೆಯಲ್ಲಿ ಆ ಪ್ರಾಣಿಯ ಹೊಟ್ಟೆ ತುಂಬುವುದೂ ಇಂಥ ಮಡುಗಳಿಂದಲೇ.

ಮೀನು ಬಿಡುವ ವಿಚಾರಕ್ಕೆ ಬಲವಾದ ಆಕ್ಷೇಪವೊಂದಿದೆ. ಬಲೆಗಾರರು ಕ್ವಿಂಟಾಲುಗಟ್ಟಲೆ ಹಿಡಿಯುವ ಕಡೆ ಗಾಳಕ್ಕೆ ಸಿಕ್ಕ ಎರಡು ಮೀನಿನ ಉಸಿರು ಎಣಿಸುವುದು ಶೋಕಿಯ ಕರುಣೆಯಲ್ಲವೇ? ಬಲೆಗಾರ ಹಿಡಿದದ್ದು ಯಾರದೋ ಸಾರಿಗೆ ಹೋಗುತ್ತದೆ ಎಂಬುದೇ ನನ್ನ ಉತ್ತರ. ಬಿಸಿನೀರಿನಲ್ಲಿ ದಣಿಸಿ ಬಿಟ್ಟು, ಮಾರನೆಯ ದಿನ ಹೊಟ್ಟೆ ಮೇಲಾಗಿ ತೇಲಿದ ರೋಹು ಊಟಕ್ಕೂ ಇಲ್ಲ, ಕೆರೆಗೂ ಇಲ್ಲ. ಮೇ ತಿಂಗಳಲ್ಲಿ ಗೆಂಡೆ ಜಾತಿಯ ಮೀನು ಹಿಡಿದರೆ ಬೇಗ ಕೊಂದು ಮನೆಗೆ ಒಯ್ಯುವುದೇ ಮೇಲು. ಒಯ್ಯುವ ಮನಸ್ಸಿಲ್ಲದಿದ್ದರೆ ಅದಕ್ಕೆ ಗಾಳ ಹಾಕದಿರುವುದು. ಕೊರಮೀನನ್ನು ಬಿಡಬಹುದು, ಅದು ತಾಳಿಕೊಳ್ಳುತ್ತದೆ. ಆದರೆ ಅದಕ್ಕೂ ಮೈಮೇಲಿನ ಲೋಳೆ ಬೇಕು. ಕುರುಗೋಡಿನ ಕಣಶಿಲೆಯ ಬಂಡೆ ಹತ್ತು ಗಂಟೆಗೇ ಕಾದ ಹೆಂಚಿನಂತಿರುತ್ತದೆ. ಅದರ ಮೇಲೆ ಹೊರಳಾಡಿದ ಮೀನಿನ ಲೋಳೆ ಅಲ್ಲಿಯೇ ಅಂಟಿ ಉಳಿಯುತ್ತದೆ. ಕೈ ಒದ್ದೆ ಮಾಡಿಕೊಂಡು, ನೀರಿನಿಂದ ಎತ್ತದೆಯೇ ಕೊಕ್ಕೆ ಬಿಡಿಸಿದರೆ ಬದುಕಿಕೊಳ್ಳುತ್ತದೆ.

ನಮ್ಮ ಹಿರಿಯರೂ ನಸುಕಿಗೇ ಹೋಗುತ್ತಿದ್ದರು, ಹಾಗಾಗಿ ಜಾಣ್ಮೆ ಎಲ್ಲ ಕಡೆ ಒಂದೇ ಎನ್ನುವವರಿದ್ದಾರೆ. ಹೊತ್ತು ಒಂದೇ ಆದ ಮಾತ್ರಕ್ಕೆ ಎಣಿಕೆ ಒಂದೇ ಆಗುವುದಿಲ್ಲ. ಕುರುಗೋಡಿನ ಸಿಂದರು ಕಲ್ಯಾಣದ ಚಾಲುಕ್ಯರಿಗೆ ಸಾಮಂತರಾಗಿದ್ದ ಕಾಲದಲ್ಲಿ, ಹನ್ನೆರಡನೆಯ ಶತಮಾನದಲ್ಲಿ, ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಬರೆಸಿದ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದ ಎಂಬ ಭಾಗವೇ ಇದೆ. ಅಲ್ಲಿ ಮೀನುಗಳನ್ನು ಅವು ಇರುವ ನೀರಿನ ಮೇಲೆ ವಿಂಗಡಿಸಿ, ಯಾವ ಮೀನಿಗೆ ಯಾವ ಆಮಿಷ ಎಂದು ಹೇಳಲಾಗಿದೆ. ಋತುವಿಗೊಂದು ನಿಯಮ ಕಟ್ಟಿ ಎಲ್ಲ ಮೀನಿಗೂ ಹೊಂದಿಸುವ ಇಂದಿನ ವಿಡಿಯೊಗಳಿಗಿಂತ, ಮೀನನ್ನು ಮೊದಲು ನೋಡುವ ಆ ಕ್ರಮ ನನಗೆ ಹೆಚ್ಚು ಶಾಸ್ತ್ರೀಯವಾಗಿ ಕಾಣುತ್ತದೆ.

ಹಾಗಾದರೆ ಬೇಸಿಗೆಯಲ್ಲಿ ಗಾಳವನ್ನೇ ಕಟ್ಟಿಡಬೇಕೇ? ಬೇಕಿಲ್ಲ. ಬಿಸಿಲಿಗೆ ಒಗ್ಗಿದ ಮೀನು ಇಲ್ಲಿ ಇರುವಾಗ ಬೇಸಿಗೆಯ ಗಾಳ ಕೊರಮೀನಿನದಾಗಲಿ, ಬೆಳಗಿನ ಬಿಸಿಲು ಚುರುಗುಟ್ಟುವಷ್ಟರಲ್ಲಿ ಮುಗಿಯಲಿ. ನನ್ನ ಆತಂಕ ಇರುವುದು ಬೇಸಿಗೆ ಮುಗಿಯುವ ಹೊತ್ತಿನ ಬಗ್ಗೆ. ಮೊದಲ ಮಳೆಗಳಾಗುತ್ತಿದ್ದಂತೆ ಕೊರಮೀನು ಮರಿ ಮಾಡುತ್ತದೆ. ಕೆಂಪು ಮರಿಗಳು ಗುಂಪುಗೂಡಿ ಮೇಲ್ಮೈಯಲ್ಲಿ ಕುದಿಯುವಂತೆ ಕಾಣುತ್ತವೆ, ಕೆಳಗೆ ತಾಯಿತಂದೆ ಕಾವಲಿರುತ್ತವೆ. ಆ ಗುಂಪಿನ ಮೇಲೆ ಕಪ್ಪೆ ಎಳೆದರೆ ದೊಡ್ಡ ಮೀನು ಹಸಿವಿಲ್ಲದಿದ್ದರೂ ಎಗರುತ್ತದೆ. ಕಾವಲು ತಪ್ಪಿದ ಮರಿಗಳನ್ನು ಉಳಿದ ಮೀನುಗಳು ತಿಂದು ಮುಗಿಸುತ್ತವೆ. ಗೂಡಿನ ಮೇಲಿನ ಬಾಸ್ ಹಿಡಿಯಬಹುದೇ ಎಂದು ಅಮೆರಿಕದ ಗಾಳಗಾರರು ತಮ್ಮಲ್ಲೇ ಬಹುಕಾಲದಿಂದ ಜಗಳಾಡುತ್ತಿದ್ದಾರೆ. ಅವರ ರೀಲು, ದಾರ, ಆಮಿಷಗಳೆಲ್ಲ ತುಂಗಭದ್ರೆಯ ದಂಡೆಗೆ ಬಂದವು, ಈ ಜಗಳ ಮಾತ್ರ ಇನ್ನೂ ಬಂದಿಲ್ಲ.