ಮರಗಾಲು ಮತ್ತು ಕೈಕಾಲು

ನಮ್ಮ ಕೆಳದಿ ಸೀಮೆಯಲ್ಲಿ ಅಡಿಕೆ ಸುಲಿಯುವ ರಾತ್ರಿಗಳಲ್ಲಿ, ಮೆಟ್ಟುಗತ್ತಿಯ ಸಾಲಿನ ಬದಿಗೆ ಕೂತ ನಾವು ಹುಡುಗರು ನಿದ್ದೆ ಹೋಗದಿರಲೆಂದು ಹಿರಿಯರು ಒಂದು ಆಟ ಹೂಡುತ್ತಿದ್ದರು. ಒಬ್ಬ ‘ಮಳೆನೀರು’ ಎನ್ನಬೇಕು. ಇನ್ನೊಬ್ಬ ಅದರ ಬಾಲ ಹಿಡಿದು ‘ನೀರುಹಾವು’. ಆಮೇಲೆ ಹಾವುರಾಣಿ, ರಾಣಿಜೇನು, ಜೇನುಗೂಡು, ಗೂಡುದೀಪ. ಸಮಾಸವೆಂಬ ಹೆಸರು ನಮಗೆ ಗೊತ್ತಾದದ್ದು ಬಹಳ ತಡವಾಗಿ, ಅದೂ ಬೆತ್ತದ ಜೊತೆಗೆ.

ಮೊನ್ನೆ ಮೊಮ್ಮಗಳು ಪದ ಕೂಡಿಸುವ ಒಂದು ಚಟುವಟಿಕೆ ಪುಸ್ತಕ ತಂದಳು. ಮರದ ಚಿತ್ರ, ಕೂಡಿಸುವ ಗುರುತು, ಕಾಲಿನ ಚಿತ್ರ. ಅವಳು ‘ಮರಕಾಲು’ ಎಂದು ಬರೆದಿದ್ದಳು. ಪುಸ್ತಕದ ಕೊನೆಯ ಉತ್ತರ ‘ಮರಗಾಲು’. ಕಾರಣ ಮಾತ್ರ ಎಲ್ಲೂ ಇಲ್ಲ.

“ಅಜ್ಜ, ಕೂಡಿಸಿದ್ದು ಸರಿಯೇ ಅಲ್ದಾ?” ಎಂದಳು.

ಅವಳ ಲೆಕ್ಕ ಸರಿ. ತಪ್ಪಿರುವುದು ಪುಸ್ತಕದ ಲೆಕ್ಕ. ಇಂಗ್ಲಿಷಿನ ಸನ್ನು, ಫ್ಲವರು ಕೂಡಿದರೂ ಇದ್ದ ಹಾಗೆಯೇ ಇರುತ್ತವೆ. ಕನ್ನಡದ ಪದಗಳು ಕೂಡುವಾಗ ಬಹಳ ಸಲ ಮೈಯನ್ನೇ ಬದಲಿಸುತ್ತವೆ: ಕಣ್ಣಿನ ಪನಿ ಕಂಬನಿ, ಕೆಂಪು ತಾವರೆ ಕೆಂದಾವರೆ, ಹಿರಿದಾದ ಜೇನು ಹೆಜ್ಜೇನು. ಕ ತ ಪಗಳು ಗ ದ ಬಗಳಾಗುವ ಈ ಬಗೆಯನ್ನು 13ನೆಯ ಶತಮಾನದಲ್ಲೇ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಹೇಳಿದ್ದಾನೆ. ಕನ್ನಡದ ವ್ಯಾಕರಣವನ್ನು ಕನ್ನಡದಿಂದಲೇ ಕಾಣಬೇಕೆಂದು ಡಿ. ಎನ್. ಶಂಕರ ಭಟ್ಟರು 2000ದಲ್ಲಿ ಪುಸ್ತಕವನ್ನೇ ಬರೆದರು. ಮಕ್ಕಳ ಪುಸ್ತಕ ಮಾಡುವವರಿಗೆ ಇದು ಇನ್ನೂ ತಲುಪಿದಂತಿಲ್ಲ.

ನಾನು ಸೂತ್ರ ಹೇಳಲಿಲ್ಲ. ಮರಗಾಲು, ಮಳೆಗಾಲ, ಬೆಟ್ಟದಾವರೆ ಎಂದೆ. ಮತ್ತೆ ಕೈಕಾಲು, ಅಕ್ಕತಂಗಿ, ಕೆರೆಕಟ್ಟೆ ಎಂದೆ. ಸ್ವಲ್ಪ ಹೊತ್ತು ಬಾಯಲ್ಲೇ ಆಡಿಸಿಕೊಂಡು, “ಕೈಯೂ ಕಾಲೂ ಎರಡೂ ಇವೆ. ಮರಗಾಲಲ್ಲಿ ಮರ ಇಲ್ಲ, ಮರದ ಕಾಲು ಮಾತ್ರ” ಎಂದಳು. ಸರಿಸಮನಾಗಿ ನಿಂತಾಗ ಯಾರೂ ಬದಲಾಗಬೇಕಿಲ್ಲ. ಒಂದು ಇನ್ನೊಂದನ್ನು ಆತುಕೊಂಡಾಗ ದನಿ ಮೆತ್ತಗಾಗುತ್ತದೆ. ಜಪಾನಿ ಭಾಷೆಯಲ್ಲೂ ಹೀಗೇ: ‘ಯಮಕಾವ’ ಎಂದರೆ ಬೆಟ್ಟ ಮತ್ತು ಹೊಳೆ, ‘ಯಮಗಾವ’ ಎಂದರೆ ಬೆಟ್ಟದ ಹೊಳೆ. ಹಾಗೆಂದು ಎಲ್ಲ ಪದಗಳೂ ಮಾತು ಕೇಳುವುದಿಲ್ಲ. ನಮ್ಮ ಕಂಬಳಿಕೊಪ್ಪೆಯೂ ನೀರುಕೋಳಿಯೂ ಜಪ್ಪಯ್ಯ ಎಂದರೂ ಬದಲಾಗಲಿಲ್ಲ. ಅದನ್ನೂ ಅವಳೇ ಹುಡುಕಿದಳು.

ಪುಸ್ತಕವನ್ನು ಪೂರಾ ತೆಗೆದುಹಾಕಲಾರೆ. ‘ವಿಗ್ರಹವಾಕ್ಯ ಬರೆದು ಸಮಾಸ ಹೆಸರಿಸಿ’ ಎಂಬ ನಮ್ಮ ಕಾಲದ ಶಿಕ್ಷೆಗಿಂತ ಅದರ ಚಿತ್ರಗಳು ಎಷ್ಟೋ ವಾಸಿ. ಆದರೆ ಅದು ಕಣ್ಣಿಗೆ ಮಾತ್ರ ಕೆಲಸ ಕೊಡುತ್ತದೆ. ಸುಲಿಯುವ ಯಂತ್ರ ಬಂದ ಮೇಲೆ ನಮ್ಮ ಮನೆಯಲ್ಲಿ ಆ ರಾತ್ರಿಗಳಿಲ್ಲ. ಕಿವಿಗೆ ಕೆಲಸ ಕೊಡುತ್ತಿದ್ದವರು ಎದ್ದುಹೋದ ಜಾಗದಲ್ಲಿ ಈಗ ಪುಸ್ತಕ ಕೂತಿದೆ. ಪ್ರತಿ ಪುಟದಲ್ಲೂ ‘ಮೊದಲು ಗಟ್ಟಿಯಾಗಿ ಹೇಳಿ ನೋಡು’ ಎಂದು ಒಂದು ಸಾಲು ಅಚ್ಚು ಹಾಕಿಸಿದ್ದರೂ ಸಾಕಿತ್ತು.