ಗಾಜಿನಮನೆಯ ಟೊಮೆಟೊ: ಇಳುವರಿಯ ಲೆಕ್ಕ, ಅನಿಲದ ಲೆಕ್ಕ

ನೆದರ್ಲೆಂಡ್ಸ್‌ನ ಹೇಗ್ ಮತ್ತು ರಾಟರ್‌ಡ್ಯಾಮ್ ನಗರಗಳ ನಡುವಿನ ವೆಸ್ಟ್‌ಲ್ಯಾಂಡ್ ಪ್ರದೇಶದ ಗಾಜಿನಮನೆಗಳಲ್ಲಿ ಚದರ ಮೀಟರಿಗೆ ವರ್ಷಕ್ಕೆ 50 ಕಿಲೋಗೂ ಮಿಕ್ಕಿ ಟೊಮೆಟೊ ಬರುವುದು ಸಾಮಾನ್ಯವಾಗಿದ್ದು, ಬಯಲು ಬೇಸಾಯದಲ್ಲಿ ಅಷ್ಟೇ ಜಾಗಕ್ಕೆ 10 ಕಿಲೋ ಬಂದರೆ ಅದೇ ಒಳ್ಳೆಯ ಫಸಲೆನಿಸುವುದರಿಂದ, ಈ ಪದ್ಧತಿಯನ್ನು ಕೃಷಿಯ ಭವಿಷ್ಯವೆಂದು ಹೊಗಳುವುದು ರೂಢಿಯಾಗಿದೆ. ಆದರೆ ಚದರ ಮೀಟರಿನ ಲೆಕ್ಕವು ನೆಲ ದುಬಾರಿಯಾದ, ಚಳಿಗಾಲದ ಬಿಸಿಲು ಕಡಿಮೆಯಾದ ನಾಡಿನ ಲೆಕ್ಕ. ಫಸಲಿಗಾಗಿ ವ್ಯಯವಾದ ಶಾಖ ಅದರಲ್ಲಿ ಕಾಣುವುದಿಲ್ಲ.

ಕೌಶಲದ ದೃಷ್ಟಿಯಿಂದ ಈ ಬೇಸಾಯಕ್ಕೆ ಸಲ್ಲಬೇಕಾದ ಮೆಚ್ಚುಗೆ ಸಣ್ಣದಲ್ಲ. ಮಣ್ಣಿನ ಬದಲು, ಕಲ್ಲನ್ನು ಕರಗಿಸಿ ಎಳೆಯಾಗಿಸಿ ಹಾಸಿನಂತೆ ಒತ್ತಿದ ರಾಕ್‌ವೂಲ್‌ನಲ್ಲಿ ಬೇರೂರಿಸಿ, ಗೊಬ್ಬರ ಬೆರೆತ ನೀರನ್ನು ಹನಿಯಾಗಿ ಉಣಿಸಿ, ಬಸಿದುಬಂದದ್ದನ್ನು ಸೋಂಕು ಕಳೆದು ಮತ್ತೆ ಬಳಸುವುದರಿಂದ ಆಗುವ ನೀರಿನ ಉಳಿತಾಯ ನಿಜವಾದದ್ದು. ಬಳ್ಳಿ ಮೇಲಿನ ತಂತಿಯನ್ನು ಮುಟ್ಟುವ ಹೊತ್ತಿಗೆ ಅದನ್ನು ಹಿಡಿದ ದಾರವನ್ನು ಸಡಿಲಿಸಿ ಇಳಿಸಲಾಗುತ್ತದೆ. ಎಲೆ ಕಳೆದ ಬೋಳು ಕಾಂಡ ಸಾಲಿನುದ್ದಕ್ಕೂ ಮೀಟರುಗಟ್ಟಲೆ ಮಲಗಿದರೂ ಕಾಯಿಗೊಂಚಲು ಮಾತ್ರ ಕೊಯ್ಯುವವರ ಕೈಗೆಟುಕುವ ಎತ್ತರದಲ್ಲೇ ಉಳಿಯುತ್ತದೆ. ಒಳಗೆ ಗಾಳಿಯ ಅಲುಗಾಟ ಸಾಲದ ಕಾರಣ ಹಿಂದೆ ಹೂಗೊಂಚಲುಗಳನ್ನು ಕೈಯಲ್ಲಿ ಹಿಡಿದ ವಿದ್ಯುತ್ ಸಾಧನದಿಂದ ಅದುರಿಸಬೇಕಾಗಿತ್ತು. 1980ರ ದಶಕದ ಕೊನೆಯಲ್ಲಿ ಆ ಕೆಲಸ ಪೆಟ್ಟಿಗೆಯಲ್ಲಿ ಸಾಕಿದ ಬಂಬಲ್‌ಬೀ ಎಂಬ ದಪ್ಪ ರೋಮದ ದುಂಬಿಯ ಪಾಲಾಯಿತು. ಅದು ಹೂವನ್ನು ಕಚ್ಚಿಹಿಡಿದು ಮೈ ಅದುರಿಸಿ ಪರಾಗ ಉದುರಿಸುವುದರಿಂದ ಹಳದಿ ಕೇಸರದ ಮೇಲೆ ಕಂದು ಕಲೆ ಉಳಿಯುತ್ತದೆ, ಬೆಳೆಗಾರರು ಆ ಕಲೆ ನೋಡಿಯೇ ದುಂಬಿ ಬಂದುಹೋದದ್ದನ್ನು ತಿಳಿಯುತ್ತಾರೆ. ದುಂಬಿ ಉಳಿಯಬೇಕಾದ್ದರಿಂದ ಕೀಟನಾಶಕಕ್ಕೆ ಕಡಿವಾಣ ಬಿದ್ದು, ಕೀಟವನ್ನು ಕೀಟದಿಂದಲೇ ಹತೋಟಿಯಲ್ಲಿಡುವ ಕ್ರಮ ಬಲಗೊಂಡಿತು. ಇಷ್ಟೊಂದು ಯಂತ್ರಗಳ ನಡುವೆ ಅತ್ಯುತ್ತಮ ಸುಧಾರಣೆ ಬಂದದ್ದು ಯಂತ್ರವೊಂದನ್ನು ಕೆಳಗಿಟ್ಟಾಗ.

ಶಾಖದ ವಿಷಯದಲ್ಲಿ ಇಂಥ ಜಾಣತನವೂ ಪೂರ್ತಿ ನೆರವಾಗಿಲ್ಲ. ನೈಸರ್ಗಿಕ ಅನಿಲದ ಎಂಜಿನ್ನು ವಿದ್ಯುತ್ತನ್ನೂ ಶಾಖವನ್ನೂ ಕೊಡುತ್ತದೆ, ಅದರ ಹೊಗೆಯನ್ನು ಶುದ್ಧೀಕರಿಸಿ ಪಡೆದ ಇಂಗಾಲದ ಡೈಆಕ್ಸೈಡನ್ನು ಎಲೆಗಳಿಗೆ ಉಣಿಸಲಾಗುತ್ತದೆ. ಆದರೆ ಬೇಸಿಗೆಯಲ್ಲಿ, ಶಾಖ ಬೇಡವಾದಾಗಲೂ, ಬರಿಯ ಆ ಡೈಆಕ್ಸೈಡಿಗಾಗಿ ಅನಿಲ ಸುಡುವ ವಿಪರ್ಯಾಸ ಇಲ್ಲಿದೆ. 2005ರಿಂದ ರಾಟರ್‌ಡ್ಯಾಮ್ ಭಾಗದ ಕೈಗಾರಿಕೆಗಳಿಂದ ಕೊಳವೆಯಲ್ಲಿ ಡೈಆಕ್ಸೈಡು ಬರುತ್ತಿರುವುದು ಇದನ್ನು ಭಾಗಶಃ ತಗ್ಗಿಸಿದೆ. 2022ರಲ್ಲಿ ಅನಿಲದ ಬೆಲೆ ಏರಿದಾಗ ಹಲವರು ಚಳಿಗಾಲದ ನಾಟಿಯನ್ನೇ ಮುಂದೂಡಿದರು; ಹವಾಮಾನದಿಂದ ಬಿಡುಗಡೆ ಪಡೆದ ಬೆಳೆ ಅನಿಲ ಮಾರುಕಟ್ಟೆಗೆ ಅಧೀನವಾಗಿತ್ತು.

ತೂಕವನ್ನೇ ಗುರಿಯಾಗಿಸಿದ್ದರ ಬೆಲೆಯನ್ನು ರುಚಿಯೂ ತೆತ್ತಿದೆ. 1990ರ ದಶಕದಲ್ಲಿ ಜರ್ಮನರು ಡಚ್ ಟೊಮೆಟೊವನ್ನು ನೀರಿನ ಬಾಂಬು ಎಂದು ಗೇಲಿ ಮಾಡಿದ ಮೇಲೆಯೇ ಗೊಂಚಲಿನ ತಳಿಗಳತ್ತ, ಸಣ್ಣ ಹಣ್ಣುಗಳತ್ತ ಅಲ್ಲಿನವರು ಹೊರಳಿದ್ದು.

ಕೋಲಾರ, ಚಿಕ್ಕಬಳ್ಳಾಪುರದ ಕಡೆ ಪಾಲಿಹೌಸ್ ಹಾಕುವವರ ಮುಂದೆ ಡಚ್ ಇಳುವರಿಯನ್ನು ಆದರ್ಶವಾಗಿಡುವುದು ಸಮಂಜಸವಲ್ಲ. ಅಲ್ಲಿ ಶಾಖವನ್ನು ಒಳಗೆ ಹಿಡಿದಿಡಬೇಕು, ಇಲ್ಲಿ ಹೊರಗಟ್ಟಬೇಕು. ಭಾರತದಲ್ಲಿ ಬಂಬಲ್‌ಬೀಗಳ ನೆಲೆಯೂ ಮುಖ್ಯವಾಗಿ ಹಿಮಾಲಯವೇ. ಬಳ್ಳಿ ಇಳಿಸುವ ಕ್ರಮವನ್ನೂ ಬಸಿನೀರಿನ ಮರುಬಳಕೆಯನ್ನೂ ಎರವಲು ಪಡೆಯಬಹುದು, 50 ಕಿಲೋದ ಅಂಕಿಯನ್ನಲ್ಲ.