'ಗೌರವಧನ' ಎಂಬ ಪದದ ಹುನ್ನಾರ

ಬೈಗುಳ ಕೇಳಿಕೊಂಡೇ ಬೆಳೆದವನು ನಾನು. ಆದರೆ ಎಲ್ಲ ಬೈಗುಳಕ್ಕಿಂತ ಹೆಚ್ಚು ಸಿಟ್ಟು ತರಿಸುವ ಮರ್ಯಾದಸ್ಥ ಪದವೊಂದಿದೆ: ಗೌರವಧನ.

ನಮ್ಮ ಕೊತ್ತಗೆರೆ ಕಡೆ ಕೂಲಿಗೆ ಕೂಲಿ ಅಂತಲೇ ಅಂತಾರೆ. ಕಳೆ ಕೀಳುವ ಹೆಂಗಸು ಸಂಜೆ ಕೂಲಿ ಕಮ್ಮಿಯಾದರೆ ಜಗಳಕ್ಕೆ ನಿಲ್ತಾಳೆ. 'ಗೌರವ' ಕೊಟ್ಟವರ ಹತ್ತಿರ ಜಗಳ ಆಡೋದು ಹೇಗೆ?

1975ರ ಅಕ್ಟೋಬರ್ 2ರಂದು ಶುರುವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಅಂಗನವಾಡಿಗಳನ್ನು ತಂದಿತು. ಮಕ್ಕಳ ತೂಕ, ಬಸುರಿ ಬಾಣಂತಿಯರ ಆಹಾರ, ಮನೆಮನೆಯ ಲೆಕ್ಕ, ಎಲ್ಲ ಸರ್ಕಾರದ ಕೆಲಸ. ಮಾಡುವ ಹೆಂಗಸು ಮಾತ್ರ ಸರ್ಕಾರದವಳಲ್ಲ. ನಮ್ಮ ರಾಜ್ಯದ್ದೇ ಆದ ಅಮೀರ್‌ಬಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2006ರಲ್ಲಿ ಇವರದು ಸಿವಿಲ್ ಹುದ್ದೆಯಲ್ಲ, ಇವರು ಮಾಡೋದು ಸರ್ಕಾರದ ಕಾರ್ಯವೂ ಅಲ್ಲ ಅಂದಿತು. 2022ರಲ್ಲಿ ಗುಜರಾತಿನ ದಾಹೋದ್ ಜಿಲ್ಲೆಯ ಹೆಂಗಸರ ಮೊಕದ್ದಮೆಯಲ್ಲಿ ಅದೇ ಕೋರ್ಟು, ಗ್ರಾಚ್ಯುಟಿ ಕಾಯಿದೆಯ ಮಟ್ಟಿಗೆ ಗೌರವಧನವೂ ವೇತನವೇ ಅಂತ ಒಪ್ಪಿತು. ಒಂದು ಪದದ ಮುಸುಕು ಸರಿಸೋಕೆ ಇಷ್ಟು ವರ್ಷ! ಸಿವಿಲ್ ಹುದ್ದೆಯನ್ನು ಆ ತೀರ್ಪೂ ಕೊಡಲಿಲ್ಲ.

ಮೇಲಿನ ಮಹಡಿಯೂ ಹೆಣ್ಣಿಗೆ ಸಲೀಸಾಗಿರಲಿಲ್ಲ. ಕೊಡಗಿನ ಸಿ.ಬಿ. ಮುತ್ತಮ್ಮ 1949ರಲ್ಲಿ ವಿದೇಶಾಂಗ ಸೇವೆ ಸೇರಿದ ಮೊದಲ ಮಹಿಳೆ. ಆ ಸೇವೆಯ ನಿಯಮದಂತೆ ಹೆಣ್ಣು ಮದುವೆಯಾಗಲು ಸರ್ಕಾರದ ಅಪ್ಪಣೆ ಪಡೆಯಬೇಕಿತ್ತು. ಆದಮೇಲೆ ರಾಜೀನಾಮೆ ಕೇಳಲೂ ಅವಕಾಶವಿತ್ತು. ಗಂಡಸಿಗೆ ಆ ಕಟ್ಟಿರಲಿಲ್ಲ. 1979ರಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಇದನ್ನು ಕಟುವಾಗಿ ಖಂಡಿಸಿದರು. ಅಲ್ಲಿ ಮನೆಗೆಲಸದ ನೆಪ ಹೇಳಿ ಹೆಣ್ಣನ್ನು ಹೊರಗಟ್ಟುವ ನಿಯಮ. ಇಲ್ಲಿ ಅದೇ ನೆಪದಲ್ಲಿ ಒಳಗೆ ಕರೆದು ಅರೆಹೊಟ್ಟೆಗೆ ದುಡಿಸುವ ಯೋಜನೆ: 'ಮಕ್ಕಳನ್ನ ನೋಡ್ಕೊಳ್ಳೋದು ಹೆಂಗಸರ ಸೇವೆ ತಾನೇ?' ಸಹಾಯಕಿ ದಲಿತಳಾದರೆ ಅವಳು ಬೇಯಿಸಿದ್ದನ್ನು ಮಕ್ಕಳಿಗೆ ಉಣ್ಣಗೊಡದ ಊರುಗಳಿವೆ. ಅವಳ ಪಾಲಿಗೆ ಧನವೂ ಇಲ್ಲ, ಗೌರವವೂ ಇಲ್ಲ.

ಅದೇ 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿತು. ಅಂದಿನಿಂದ ನಾವು ಅವ್ವನ ಮೇಲೆ ಎಷ್ಟು ಪದ್ಯ ಕಟ್ಟಿದ್ದೇವೆ! ನಾನೂ ಕಟ್ಟಿದ್ದೇನೆ. ಅವ್ವ ತ್ಯಾಗಮಯಿ, ಅವ್ವ ಭೂಮಿತೂಕದವಳು. ಓದಿ ಹೇಳಿದಾಗ ನನ್ನವ್ವ ಕೇಳಿದಳು: "ಚೆನ್ನಾಗೈತೆ ಕಣಪ್ಪ. ಇದ್ರಿಂದ ನಂಗೇನ್ ಸಿಗ್ತೈತೆ?"

ನಕ್ಕೆ. ಆಮೇಲೆ ನಾಚಿಕೆಯಾಯಿತು. ತ್ಯಾಗ ಅಂತ ಹಾಡಿ ಕೂಲಿಯ ಮಾತು ಮರೆಸುವ ಪದ್ಯವೂ ಗೌರವಧನವೇ.

ಗೆಳೆಯರೇ, ಮೊದಲು ನಮ್ಮ ಪದ್ಯದಿಂದ ಆ ಪದವನ್ನು ಕಿತ್ತು ಹಾಕೋಣ. ಆಮೇಲೆ ಸರ್ಕಾರದ ಕಡತದಿಂದ ಕೀಳಿಸೋಣ. ಅಲ್ಲಿ ಬರೆಯಬೇಕಾದ್ದು ಎರಡೇ: ಹುದ್ದೆ, ಸಂಬಳ.